ಅವ್ವ ಬೈಯದೆ ಹೋದ ಬೆಳಗು

ಗೆಳೆಯರೇ, ಇವತ್ತು ಬೆಳಿಗ್ಗೆ ತೆಲುಗು ನಾಡಿನ ಮಣಿಕೊಂಡದ ನಮ್ಮ ಮನೆಯಲ್ಲಿ ಅವ್ವ ಬಚ್ಚಲಲ್ಲಿ ಜಾರಿ ಬಿದ್ದಳು. ತಲೆಗೆ ಪೆಟ್ಟಾಗಿತ್ತು. ಕಣ್ಣು ತೆರೆದಿತ್ತು, ಮಾತಿಲ್ಲ. ಬಿರುನುಡಿ, ಚುಚ್ಚುಮಾತು, ಕೊಂಕು ಎಂದು ನಾವು ಏನೇನು ಹೆಸರಿಟ್ಟಿದ್ದೇವೋ ಅವೆಲ್ಲ ದಿನಾ ಚಹಾ ಕುದಿಯುವ ಮೊದಲೇ ಅವಳ ಬಾಯಿಂದ ಬಂದಿರುತ್ತವೆ. ಆಟೋದಲ್ಲಿ ದಾರಿಯುದ್ದಕ್ಕೂ ಕೈ ಹಿಡಿದು, "ಅವ್ವಾ, ಏನರೆ ಅನ್ನು. ಬೈಯರೆ ಬೈ" ಎಂದು ಗೋಗರೆದೆ. ಅವಳು ನನ್ನನ್ನೇ ನೋಡುತ್ತಿದ್ದಳು, ಅಷ್ಟೆ.

ಆಸ್ಪತ್ರೆಯಲ್ಲಿ ನರ್ಸ್ ಅವಳ ಕೈಗೆ ಸೂಜಿ ಚುಚ್ಚಿದಳು.

"ನಿನ್ನ ಕೈಗೆ ಹಾವ ಕಡೀಲಿ! ಮನಷ್ಯಾರಿಗೆ ಚುಚ್ಚಾಕತ್ತೀಯೇನ, ಗೋಣಿಚೀಲ ಹೊಲ್ಯಾಕತ್ತೀಯೇನ?" ಎಂದು ಅವ್ವ ಗುಡುಗಿದಳು.

ನನಗೆ ಅಳುವೇ ಬಂತು. ಡಾಕ್ಟರ್ ಹಿಂದಿಯಲ್ಲಿ, ಏನಂದರು ಎಂದು ಕೇಳಿದರು. "ಆಶೀರ್ವಾದ ಮಾಡಿದರು" ಎಂದೆ.

ಪಟ್ಟಿ ಅಂಟಿಸುತ್ತಿದ್ದ ನರ್ಸ್ ತಲೆಯೆತ್ತದೆ ಕನ್ನಡದಲ್ಲಿ, "ನಂದೂ ರಾಯಚೂರ ಕಡೀನರಿ ಅಕ್ಕಾ. ನಮ್ಮವ್ವಾನೂ ಹಿಂಗ ಆಶೀರ್ವಾದ ಮಾಡ್ತಾಳ್ರಿ" ಎಂದಳು.

ಸ್ಕ್ಯಾನ್‌ನಲ್ಲಿ ಏನೂ ಕಂಡಿಲ್ಲವಂತೆ. ಆದರೂ ನಾಳೆಯವರೆಗೆ ನೋಡಬೇಕಂತೆ. ಈಗ ಅವ್ವ ಮಲಗಿದ್ದಾಳೆ, ಎಬ್ಬಿಸಬೇಡಿ ಎಂದಿದ್ದಾರೆ. ಇಷ್ಟು ಹೊತ್ತು ಅವಳು ಸುಮ್ಮನಿರುವುದನ್ನು ನನ್ನಿಂದ ತಡೆಯಲಾಗುತ್ತಿಲ್ಲ. ಮೆಲ್ಲಗೆ ಅಲುಗಾಡಿಸಿ, ಒಂದು ಸಲ ಬೈಸಿಕೊಂಡುಬಿಡಲೇ ಎಂದು ಯೋಚಿಸುತ್ತಾ ಕೂತಿದ್ದೇನೆ.