ಪರೀಕ್ಷೆಗೆ ಬಂದ ಒಳ್ಳೆಯ ನೀರು

ಕಳೆದ ವರ್ಷದ ಬೇಸಿಗೆ. ಟ್ಯಾಂಕರ್‌ಗೆ ಕಾದೂ ಕಾದೂ ಎಲ್ಲರಿಗೂ ಸಾಕಾಗಿ ಹೋಗಿತ್ತು. ಕೋಣನಕುಂಟೆಯ ನಮ್ಮ ಬಡಾವಣೆ, ಪಕ್ಕದ ಅಪಾರ್ಟ್‌ಮೆಂಟ್, ಹಿಂದಿರುವ ಹಳೇ ಊರಿನ ಬೀದಿ, ಮೂರೂ ಸೇರಿ ಒಂದೇ ಶುದ್ಧ ನೀರಿನ ಘಟಕ ಹಾಕಿಸಿ, ಅಲ್ಲಿಂದ ಎಲ್ಲ ಮನೆಗಳಿಗೂ ಪೈಪ್ ಎಳೆಸೋಣ ಎಂದು ಹೊರಟೆವು.

ಮೊದಲು ಮೂರೂ ಕಡೆಯ ಬೋರ್‌ವೆಲ್ ನೀರಿನ ಪರೀಕ್ಷೆ ಆಗಬೇಕಿತ್ತು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳೆಂದು ಆ ಕೆಲಸ ನನ್ನ ತಲೆಗೆ ಬಂತು. ನಾನೋ ಮಹಾ ಪಂಡಿತೆಯ ಹಾಗೆ, "ಒಂದೊಂದು ಬಾಟಲಿ ನೀರು ತುಂಬಿಸಿ ನಮ್ಮನೆಗೆ ತಂದುಕೊಡಿ" ಎಂದು ಹೇಳಿ ಮನೆಯಲ್ಲೇ ಕುಳಿತೆ. ಹಳೇ ಊರಿನ ಬೀದಿಯ ಬಾಟಲಿಯನ್ನು ತಂದವರು ರತ್ನಮ್ಮ, ನನ್ನ ರವಿಕೆಗಳನ್ನು ಹೊಲಿದುಕೊಡುವವರು.

ಪರೀಕ್ಷೆಯ ವರದಿ ಬಂತು. ನಮ್ಮದೂ ಅಪಾರ್ಟ್‌ಮೆಂಟಿನದೂ ಬರೀ ಉಪ್ಪು. ರತ್ನಮ್ಮನವರ ಬಾಟಲಿಯದು ಮಾತ್ರ ಅಪ್ಪಟ ಕುಡಿಯುವ ನೀರು!

ನಕ್ಷೆ ಬರೆಯುತ್ತಿದ್ದ ಇಂಜಿನಿಯರ್ ಪ್ರಕಾಶ್ ಅಪಾರ್ಟ್‌ಮೆಂಟಿನವರು. ವರದಿ ನೋಡಿ ಖುಷಿಯಾದರು. "ಮೇಡಂ, ಆ ಬೀದಿ ನೀರು ಸಖತ್ತಾಗಿದೆ. ಅವರಿಗ್ಯಾಕೆ ಪೈಪು? ಅದನ್ನ ಬಿಟ್ಬಿಡೋಣ. ಸಂಜೆ ಮೀಟಿಂಗಲ್ಲಿ ಫೈನಲ್ ಮಾಡಿದ್ರಾಯ್ತು" ಎಂದು ಆ ಬೀದಿಯ ಗೆರೆಯನ್ನು ಹೊಡೆದು ಹಾಕಿಯೇಬಿಟ್ಟರು.

ನನಗೆ ಮಾತ್ರ ತಲೆಯೊಳಗೆ ಹುಳ ಬಿಟ್ಟಂತಾಯಿತು. ನಮ್ಮ ಬೋರ್‌ವೆಲ್‌ಗೂ ಅವರದಕ್ಕೂ ನಡುವೆ ಇರುವುದು ಒಂದು ಕಾಂಪೌಂಡ್ ಗೋಡೆ. ನಮ್ಮ ನೀರಿನಲ್ಲಿ ತೊಗರಿಬೇಳೆ ಬೇಯುವುದಿಲ್ಲ. ಗೋಡೆಯಾಚೆ ನೀರು ಅಷ್ಟು ಸಿಹಿಯಾಗುವುದು ಹೇಗೆ ಎಂಬ ಪ್ರಶ್ನೆ, ವರದಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗಲೇ ನನಗೆ ಹೊಳೆದದ್ದು. ತಡೆಯಲಾರದೆ ಖಾಲಿ ಬಾಟಲಿ ಹಿಡಿದು ಮಧ್ಯಾಹ್ನವೇ ಹೊರಟೆ.

ರತ್ನಮ್ಮ ಮಿಷನ್ ನಿಲ್ಲಿಸಿ, ಎಂದಿನಂತೆ ಮೊದಲು ಒಂದು ಚೊಂಬು ನೀರು ಕೊಟ್ಟರು. ಒಳ್ಳೆಯ ನೀರೇ.

"ರತ್ನಮ್ಮ, ಬಾಟಲಿಗೆ ತುಂಬಿಸಿದ್ದು ಇದೇ ನೀರಾ?"

"ಹೂಂ ಮೇಡಂ, ಇದೇ. ದುಡ್ಡು ಕೊಟ್ಟು ತರೋ ಕ್ಯಾನಿಂದು."

"ಕ್ಯಾನಿಂದಾ? ನಾನು ಕೇಳಿದ್ದು ನಿಮ್ಮ ಬೀದಿ ನಲ್ಲೀಲಿ ಬರೋ ಬೋರ್‌ವೆಲ್ ನೀರು!"

ಅವರ ಮುಖ ಸಣ್ಣದಾಯಿತು. "ಅದನ್ನ ಹೆಂಗೆ ಕೊಡೋದು ಮೇಡಂ? ನಾಲ್ಕು ಜನ ನೋಡೋ ನೀರು. ಅದರಲ್ಲೂ ನಿಮ್ಮನೆಗೆ ತಂದುಕೊಡಿ ಅಂದ್ರಿ. ಕೆಟ್ಟ ನೀರು ಹಿಡ್ಕೊಂಡು ಒಬ್ಬರ ಮನೆಗೆ ಬರೋಕಾಗತ್ತಾ?"

"ಮತ್ತೆ ನೀವು ಯಾವುದು ಕುಡೀತೀರಿ?"

"ನಮಗೆ ನಲ್ಲಿದೇ ಅಭ್ಯಾಸ ಆಗೋಗಿದೆ. ಕ್ಯಾನಿಂದು ಬಂದೋರಿಗೆ, ಆಮೇಲೆ ಮೊಮ್ಮಗಳಿಗೆ. ಅವಳಿಗೆ ನಲ್ಲಿದು ಕುಡಿದ್ರೆ ಹೊಟ್ಟೆನೋವು."

ನಲ್ಲಿಯ ನೀರು ಕೊಡಿ ಎಂದರೆ ಅವರು ಸುತಾರಾಂ ಒಪ್ಪಲಿಲ್ಲ. ನಾನೇ ಬೀದಿಗೆ ಹೋಗಿ, ನಲ್ಲಿ ತಿರುಗಿಸಿ, ಬೊಗಸೆಯಲ್ಲಿ ಹಿಡಿದು ಬಾಯಿಗೆ ಹಾಕಿಕೊಂಡೆ. "ಅಯ್ಯೋ, ಬ್ಯಾಡ ಮೇಡಂ!" ಎಂದು ರತ್ನಮ್ಮ ಓಡಿ ಬಂದರು. ಉಪ್ಪು, ಮೇಲೊಂದಿಷ್ಟು ತುಕ್ಕಿನ ವಾಸನೆ. ಎರಡನೇ ಗುಟುಕು ಗಂಟಲಿಗೆ ಇಳಿಯಲಿಲ್ಲ. ಬಾಟಲಿ ತುಂಬಿಸಿಕೊಂಡು ನೇರ ಮೀಟಿಂಗಿಗೆ ಹೋದೆ.

"ತಪ್ಪು ನನ್ನದು, ನಾನೇ ನಲ್ಲಿ ಹತ್ತಿರ ನಿಂತು ಹಿಡೀಬೇಕಿತ್ತು" ಎಂದು ಎಲ್ಲರೆದುರು ಹೇಳಿ ಬಾಟಲಿಯನ್ನು ಪ್ರಕಾಶ್ ಮುಂದಿಟ್ಟೆ. ಅವರು ಒಂದು ಗುಟುಕು ಕುಡಿದು ಮುಖ ಕಿವುಚಿದರು. ನಕ್ಷೆ ಬಿಡಿಸಿ, ಹೊಡೆದು ಹಾಕಿದ್ದ ಗೆರೆಯ ಪಕ್ಕದಲ್ಲೇ ಹೊಸದಾಗಿ ಗೆರೆ ಎಳೆದರು. ಮೊದಲ ಪೈಪ್ ಆ ಬೀದಿಗೇ ಹೋಗಬೇಕೆಂದು ಎಲ್ಲರೂ ಒಪ್ಪಿದರು.

ಎಲ್ಲರೂ ನನ್ನನ್ನು ಹೊಗಳಿದರು. ನನಗೆ ಮಾತ್ರ ಇವತ್ತಿಗೂ ನಾಚಿಕೆಯಾಗುತ್ತದೆ. ಎಷ್ಟೋ ವರ್ಷಗಳಿಂದ ಆ ಮನೆಯ ನೀರು ಕುಡಿದು, "ನೀವೇ ಪುಣ್ಯವಂತರು ರತ್ನಮ್ಮ, ನಿಮ್ಮ ಬೀದೀಲಿ ಎಷ್ಟು ಒಳ್ಳೆ ನೀರು!" ಎಂದು ಹೇಳಿ ಬರುತ್ತಿದ್ದವಳು ನಾನೇ. ಅವರು ಒಮ್ಮೆಯೂ ಅಲ್ಲ ಎನ್ನಲಿಲ್ಲ. ನಾನೂ ಒಮ್ಮೆಯೂ ಕೇಳಲಿಲ್ಲ.