ದರಗಿನ ಕಾಲದ ಜ್ವರ

ನಮ್ಮ ಕಡೆ ಮಂಗ ಸತ್ತರೆ ಓಣಿಗೆ ಓಣಿಯೇ ಸೇರುತ್ತದೆ. ಹಾರ ಹಾಕಿ, ಕುಂಕುಮ ಹಚ್ಚಿ, ಭಜನೆ ಮಾಡುತ್ತ ಮೆರವಣಿಗೆಯಲ್ಲಿ ಒಯ್ದು ಹನುಮಪ್ಪನ ಗುಡಿಯ ಹಿಂದೆ ಮಣ್ಣು ಮಾಡುತ್ತೇವೆ. ಇಲ್ಲಿ ಮಂಗ ಸತ್ತರೆ ನನಗೆ ಫೋನು ಬರುತ್ತದೆ.

ಇದು ತಲೆಗೆ ಹೋಗದೆ, ಹೊಸನಗರ ತಾಲೂಕಿನ ಈ ಊರಿಗೆ ಬಂದ ಎರಡನೇ ದಿನವೇ ನಾನು ಮಾನ ಕಳೆದುಕೊಂಡೆ. ಅವ್ವನಿಗೆ ಫೋನು ಮಾಡಲು ಸಿಗ್ನಲ್ ಹುಡುಕುತ್ತ ರಸ್ತೆಯ ತಿರುವಿನವರೆಗೆ ಹೋಗಿದ್ದೆ. ಮರದ ಬುಡದಲ್ಲಿ ಮಂಗವೊಂದು ಅಂಗಾತ ಬಿದ್ದಿತ್ತು. ಚಪ್ಪಲಿ ಬಿಟ್ಟು, ಬೇಲಿಯಿಂದ ಎರಡು ದಾಸವಾಳ ಕಿತ್ತುಕೊಂಡು, ಕೈ ಮುಗಿಯಲು ಹತ್ತಿರ ಹೋದೆ. ಹಿಂದಿನಿಂದ ಯಾರೋ ನನ್ನ ಜಡೆ ಹಿಡಿದು ಎಳೆದರು. ತಿರುಗಿ ನೋಡಿದರೆ ನಾನು ಬಾಡಿಗೆಗೆ ಇಳಿದಿದ್ದ ಮನೆಯ ಶಾರದಕ್ಕ.

"ನಿಂಗೆ ಜೀವದ ಮೇಲೆ ಆಸೆ ಇಲ್ವಾ ಮಾರಾಯ್ತಿ?"

ಅವರು ನನ್ನನ್ನು ಮನೆಗೆ ಎಳೆದುಕೊಂಡು ಹೋಗಿ, ಬಚ್ಚಲಿಗೆ ನೂಕಿ, ಸುಡುಸುಡು ನೀರು ಹಾಕಿಸಿದರು. ಉಟ್ಟ ಬಟ್ಟೆಯನ್ನು ಕುದಿಯುವ ನೀರಿಗೆ ಹಾಕಿದರು. ಜಡೆ ಬಿಚ್ಚಿಸಿ ಕೂದಲು ನೋಡಿದರು, ಕಾಲ್ಬೆರಳ ಸಂದಿ ನೋಡಿದರು. ಅವರು ಹುಡುಕುತ್ತಿದ್ದದ್ದು ಉಣುಗು. ನಮ್ಮ ಎಮ್ಮೆಗಳ ಮೈಮೇಲಿನ ಉಣ್ಣಿಯ ಜಾತಿಯದೇ, ಆದರೆ ಸಾಸಿವೆಗಿಂತ ಚಿಕ್ಕದು. ಮಂಗ ಸತ್ತ ಮೇಲೆ ಅದರ ಮೈಮೇಲಿದ್ದ ಉಣುಗುಗಳು ಉದುರಿ ಬೇರೆ ರಕ್ತ ಹುಡುಕುತ್ತವೆ, ಅವು ಕಚ್ಚಿದವರಿಗೆ ಮಂಗನ ಕಾಯಿಲೆ ಬರುತ್ತದೆ. ತರಬೇತಿಯಲ್ಲಿ ಇದರ ಬಗ್ಗೆ ಅರ್ಧ ಪುಟ ಓದಿ, ಪರೀಕ್ಷೆ ಮುಗಿದ ದಿನವೇ ಮರೆತಿದ್ದೆ. ನೋಡಿದರೆ ನನ್ನನ್ನು ಇಲ್ಲಿಗೆ ಹಾಕಿದ್ದೇ ಆ ಕಾಯಿಲೆಯ ಕೆಲಸಕ್ಕೆ. ಮಂಗನ ಕಾಯಿಲೆ ಓಡಿಸಲು ಬಂದ ಸಿಸ್ಟರು ಮಂಗಕ್ಕೇ ಪೂಜೆ ಮಾಡಲು ಹೊರಟಿದ್ದರು ಎಂದು ಶಾರದಕ್ಕ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ನಕ್ಕರು. ವಾರದೊಳಗೆ ಆ ಕತೆ ನನಗಿಂತ ಮುಂಚೆ ಮನೆಮನೆಗೆ ತಲುಪಿತ್ತು.

ನಾನು ಸಿಂದಗಿ ಕಡೆಯ ಹಳ್ಳಿಯವಳು. ಅಪ್ಪ ಹೋದಾಗ ನನಗೆ ಹತ್ತೊಂಬತ್ತು. ಕಾಲೇಜು ಬಿಟ್ಟು ನರ್ಸಿಂಗ್ ತರಬೇತಿಗೆ ಸೇರಿದ್ದು ಸೇವೆ ಮಾಡುವ ಆಸೆಯಿಂದಲ್ಲ, ಬೇಗ ಕೆಲಸ ಸಿಗುತ್ತದೆ ಎಂದು ಯಾರೋ ಹೇಳಿದ್ದರಿಂದ. ನಮ್ಮ ಜಿಲ್ಲೆಯಲ್ಲಿ ಜಾಗ ಖಾಲಿ ಇರಲಿಲ್ಲ, ಇಲ್ಲಿಗೆ ಬರುವವರೇ ಇರಲಿಲ್ಲ. ಹೀಗೆ ಗುತ್ತಿಗೆಯ ಕೆಲಸದ ಮೇಲೆ, ಇಪ್ಪತ್ತೆರಡನೇ ವಯಸ್ಸಿಗೆ, ಮೂರು ಬಸ್ಸು ಬದಲಿಸಿ ಬಂದಿಳಿದೆ. ಬಸ್ಸು ನನ್ನನ್ನು ಇಳಿಸಿ ಹೋದ ಮೇಲೆ ಸುತ್ತ ನೋಡಿದರೆ ಊರೇ ಇರಲಿಲ್ಲ. ನಮ್ಮಲ್ಲಿ ಊರೆಂದರೆ ಗೋಡೆಗೆ ಗೋಡೆ ಹತ್ತಿದ ಮನೆಗಳು. ಒಬ್ಬರು ಕೆಮ್ಮಿದರೆ ಮೂರನೇ ಮನೆಯವರು ಕಷಾಯ ಕುಡಿಯಲು ಹೇಳುತ್ತಾರೆ. ಇಲ್ಲಿ ಒಂದು ಮನೆ ಗುಡ್ಡದ ಈಚೆ, ಇನ್ನೊಂದು ಹಳ್ಳದ ಆಚೆ. ಮೊದಲ ತಿಂಗಳು ನನಗೆ ಮಾತಾಡಲು ಜನ ಸಿಗದೆ ಹುಚ್ಚು ಹಿಡಿಯುವುದೊಂದು ಬಾಕಿ.

ಜನ ಸಿಕ್ಕರೂ ಮಾತು ಸಿಗುತ್ತಿರಲಿಲ್ಲ. ನಾನು ಆಡುವುದೂ ಕನ್ನಡ, ಅವರು ಆಡುವುದೂ ಕನ್ನಡ. ಆದರೆ ನಾನು ಬಾಯಿ ಬಿಟ್ಟರೆ ಹೆಂಗಸರು ಸೆರಗು ಅಡ್ಡ ಹಿಡಿದು ನಗುತ್ತಿದ್ದರು. ನನ್ನ ದನಿ ಜೋರು. ನಮ್ಮ ಕಡೆ ಪ್ರೀತಿಯನ್ನೂ ಜೋರಾಗಿಯೇ ಹೇಳುತ್ತೇವೆ. ಇಲ್ಲಿಯವರಿಗೆ ನಾನು ಸದಾ ಜಗಳಕ್ಕೆ ನಿಂತವಳ ಹಾಗೆ ಕೇಳಿಸುತ್ತಿದ್ದೆ. ಊಟದ ಪಾಡೂ ಅಷ್ಟೆ. ಬೆಳಿಗ್ಗೆ ಗಂಜಿ, ಮಧ್ಯಾಹ್ನ ಅನ್ನ, ಸಂಜೆ ಮತ್ತೆ ಅನ್ನ. ಹೊಟ್ಟೆ ತುಂಬುತ್ತಿತ್ತು, ಉಂಡೆ ಅನ್ನಿಸುತ್ತಿರಲಿಲ್ಲ. ಶಾರದಕ್ಕ ಅದನ್ನು ಹೇಗೋ ಕಂಡುಹಿಡಿದರು. ಸಾಗರಕ್ಕೆ ಕೊಟ್ಟ ಮಗಳಿಗೆ ಹೇಳಿ ಜೋಳದ ಹಿಟ್ಟು ತರಿಸಿ, ಅಕ್ಕಿ ರೊಟ್ಟಿ ತಟ್ಟುವ ಕೈಯಲ್ಲಿ ಜೋಳದ ರೊಟ್ಟಿ ತಟ್ಟಲು ಕೂತರು. ರೊಟ್ಟಿ ನಾಲ್ಕು ಚೂರಾಯಿತು. ಅವರ ಗಂಡ ಮಂಜಪ್ಪಣ್ಣ ಅದನ್ನು ನೋಡಿ, ಇದನ್ನು ಹಸುವಿಗೆ ಕೊಟ್ಟರೆ ಅದೂ ಹಾಯಲು ಬರುತ್ತದೆ ಎಂದರು. ನಾನು ಆ ಚೂರುಗಳನ್ನು ಊರಿಂದ ತಂದಿದ್ದ ಶೇಂಗಾ ಹಿಂಡಿಯ ಚಟ್ನಿಪುಡಿ ಹಚ್ಚಿಕೊಂಡು ತಿಂದೆ. ಮಗಳು ಗಂಡನ ಮನೆಗೆ ಹೋಗಿ ಖಾಲಿಯಾಗಿದ್ದ ಕೋಣೆಯಲ್ಲಿ ಅವತ್ತಿನಿಂದ ನನಗೆ ನಿದ್ದೆ ಹತ್ತತೊಡಗಿತು.

ಇಷ್ಟು ಮಾಡಿದ ಹೆಂಗಸಿಗೆ ನಾನು ಮಾಡಿದ್ದನ್ನು ಈಗ ಹೇಳಬೇಕು.

ಇಲ್ಲಿ ಬೇಸಿಗೆಯಲ್ಲಿ ಕಾಡಿನ ತುಂಬ ಒಣ ಎಲೆ ಉದುರುತ್ತದೆ. ಅದಕ್ಕೆ ದರಗು ಎನ್ನುತ್ತಾರೆ. ಹೆಂಗಸರು ಗುಂಪಾಗಿ ಹೋಗಿ ಅದನ್ನು ಗುಡಿಸಿ, ಆಳೆತ್ತರದ ಹೊರೆ ಕಟ್ಟಿ ತಲೆಯ ಮೇಲೆ ಹೊತ್ತು ತಂದು ಕೊಟ್ಟಿಗೆಯ ಪಕ್ಕ ಒಟ್ಟುತ್ತಾರೆ. ಮಳೆಗಾಲ ಪೂರ್ತಿ ಅದನ್ನೇ ದಿನದಿನ ದನದ ಕಾಲಡಿ ಹಾಸುತ್ತಾರೆ, ಕೊನೆಗೆ ಅದೇ ಗೊಬ್ಬರವಾಗುತ್ತದೆ. ಉಣುಗು ಇರುವುದೂ ಆ ದರಗಿನಲ್ಲೇ, ಅದು ಹೆಚ್ಚುವುದೂ ಅದೇ ತಿಂಗಳುಗಳಲ್ಲಿ. ಕಾಡಿಗೆ ಹೋಗಬೇಡಿ, ಹೋಗಲೇಬೇಕಾದರೆ ಕೈಕಾಲಿಗೆ ಈ ಎಣ್ಣೆ ಹಚ್ಚಿಕೊಳ್ಳಿ ಎಂದು ಬಾಟಲಿ ಹಂಚುವುದು ನನ್ನ ಕೆಲಸ. ಎಣ್ಣೆ ಜಿಗುಟು, ವಾಸನೆ ಬೇರೆ. ಇಸಿದುಕೊಂಡವರು ಅದನ್ನು ಕಿಟಕಿಯ ಮೇಲಿಟ್ಟು ಮರೆಯುತ್ತಿದ್ದರು. ಒಂದು ಮನೆಯಲ್ಲಿ ಬಾಗಿಲು ಕಿರುಗುಡುವುದಕ್ಕೆ ಹಾಕಿದ್ದರು.

ನಮ್ಮಲ್ಲಿ ದನ ಕಟ್ಟುವುದು ಒಣ ನೆಲದ ಮೇಲೆ. ಎಲೆಗಾಗಿ ಜೀವ ಒತ್ತೆ ಇಡುವುದು ನನಗೆ ಬರಿ ಹಟವಾಗಿ ಕಂಡಿತು. ಮಳೆಗಾಲದಲ್ಲಿ ಇಲ್ಲಿಯ ಕೊಟ್ಟಿಗೆಯ ನೆಲ ಹೇಗಿರುತ್ತದೆ, ಹಾಸಿಲ್ಲದೆ ನಿಂತ ದನದ ಗೊರಸು ಹೇಗೆ ಕೊಳೆಯುತ್ತದೆ ಎಂದು ನಾನು ಆಗಿನ್ನೂ ನೋಡಿರಲಿಲ್ಲ. ಶಾಲೆಯ ಜಗಲಿಯಲ್ಲಿ ಹೆಂಗಸರ ಸಭೆ ಕರೆದಿದ್ದೆ. ಅರ್ಧ ಜನ ಬಂದಿರಲಿಲ್ಲ, ಬಂದವರು ತಮ್ಮತಮ್ಮಲ್ಲೇ ಮಾತಾಡುತ್ತಿದ್ದರು. ನನ್ನ ಪಿತ್ತ ನೆತ್ತಿಗೇರಿತು. ಎದುರಿಗೇ ಕೂತಿದ್ದ ಶಾರದಕ್ಕನನ್ನು ತೋರಿಸಿ, ನಾನಿರುವ ಮನೆಯ ಹಿಂದೆಯೇ ದರಗಿನ ರಾಶಿ ಇದೆ, ದಿನಾ ಹೇಳಿದರೂ ಇವರಿಗೆ ಕಿವಿ ಕೇಳುವುದಿಲ್ಲ ಎಂದು ಎಲ್ಲರೆದುರು ಅಂದುಬಿಟ್ಟೆ. ಅಲ್ಲಿಗೂ ನಿಲ್ಲಿಸಲಿಲ್ಲ.

"ನಾಳೆ ಜ್ವರಾ ಬಂದ್ರ ನನ್ನ ಕಡೆ ಬರಬ್ಯಾಡ್ರಿ."

ಶಾರದಕ್ಕ ತಲೆ ತಗ್ಗಿಸಿ ಬಳೆ ತಿರುಗಿಸುತ್ತ ಕೂತಿದ್ದರು. ಅಂತೂ ಮಾತು ನಾಟಿತು ಎಂದು ನಾನು ಒಳಗೊಳಗೇ ಬೀಗಿದೆ. ಮರುದಿನದಿಂದ ಹಿತ್ತಿಲಲ್ಲಿ ದರಗಿನ ರಾಶಿ ಬೆಳೆಯಲಿಲ್ಲ. ನಾನು ಜ್ವರದ ಸರ್ವೆಗೆ ಹೊರಟ ಮೇಲೆ ಅವರು ಕಾಡಿಗೆ ಹೋಗಿ, ತಂದ ಹೊರೆಯನ್ನು ಹಳ್ಳದಾಚೆಯ ಮನೆಯ ಕೊಟ್ಟಿಗೆಯಲ್ಲಿ ಒಟ್ಟುತ್ತಿದ್ದರು ಎಂಬುದು ತಿಳಿದದ್ದು ಎಲ್ಲ ಆದಮೇಲೆ. ಎಣ್ಣೆ ಕೇಳಿದರೆ ಕಾಡಿಗೆ ಹೋಗುವುದು ನನಗೆ ಗೊತ್ತಾಗುತ್ತದೆಂದು ಎಣ್ಣೆಯನ್ನೂ ಕೇಳಿರಲಿಲ್ಲ.

ಮಾರ್ಚಿನಲ್ಲಿ ಒಂದು ದಿನ ಅವರು ಗಂಜಿಗೆ ಬರಲಿಲ್ಲ. ಬಿಸಿಲು ಬಡಿದಿದೆ, ತಲೆನೋವು ಎಂದರು. ನಾನು ಅವಸರದಲ್ಲಿದ್ದೆ. ಎಲ್ಲೆಲ್ಲೋ ಗುಡ್ಡ ಹತ್ತಿ, ಯಾರ್ಯಾರದೋ ಅಂಗಳದಲ್ಲಿ ನಿಂತು, ಮನೆಯಲ್ಲಿ ಯಾರಿಗಾದರೂ ಜ್ವರ ಇದೆಯೇ ಎಂದು ಕೇಳಿ ಬರೆದುಕೊಳ್ಳುವುದು ನನ್ನ ದಿನಚರಿ. ನಾನು ಉಣ್ಣುವ ಮನೆಯಲ್ಲಿ ಕೇಳಲಿಲ್ಲ. ಅವರು ಪೇಟೆಯಿಂದ ಜ್ವರದ ಗುಳಿಗೆ ತರಿಸಿ ಅಕ್ಕಿ ಡಬ್ಬಿಯಲ್ಲಿಟ್ಟುಕೊಂಡು ನುಂಗುತ್ತಿದ್ದರು. ನಾಲ್ಕನೇ ದಿನ ಮಧ್ಯಾಹ್ನ ಬೇಗ ಬಂದವಳಿಗೆ ಅವರು ಬಚ್ಚಲ ಬಾಗಿಲಲ್ಲಿ ಕೂತಿದ್ದು ಕಂಡಿತು. ಕಣ್ಣು ಕೆಂಡವಾಗಿತ್ತು, ಮೂಗಿನಿಂದ ಬಂದ ರಕ್ತವನ್ನು ಸೆರಗಿನಲ್ಲಿ ಒತ್ತಿ ಹಿಡಿದಿದ್ದರು. ನನ್ನನ್ನು ಕಂಡದ್ದೇ ಸೆರಗು ಮುಚ್ಚಿಕೊಳ್ಳಲು ನೋಡಿದರು.

ತೀರ್ಥಹಳ್ಳಿಯ ಆಸ್ಪತ್ರೆಯಲ್ಲಿ ರಕ್ತ ನೋಡಿ, ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ ಎಂದರು. ಆಗುಂಬೆ ಘಾಟಿಯ ತಿರುವುಗಳಲ್ಲಿ ಆಂಬುಲೆನ್ಸ್ ಇಳಿಯುವಾಗ ನಾನು ಅವರ ತಲೆ ಹಿಡಿದುಕೊಂಡು ಕೂತಿದ್ದೆ. ಮಂಜಪ್ಪಣ್ಣ ಎದುರಿನ ಸೀಟಿನಲ್ಲಿ ಕೈ ಕಟ್ಟಿಕೊಂಡು ನನ್ನನ್ನೇ ನೋಡುತ್ತಿದ್ದರು. ನಾನು ಏನಾದರೂ ಮಾಡುತ್ತೇನೆ ಎಂದು ಅವರ ನಂಬಿಕೆ. ಈ ಜ್ವರಕ್ಕೆಂದೇ ಇರುವ ಮದ್ದಿಲ್ಲ, ಗ್ಲೂಕೋಸ್ ಹಾಕಿ ಕಾಯುವುದಷ್ಟೇ ಎಂದು ಆ ಗಾಡಿಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಯಾಕೆ ಹೇಳಲಿಲ್ಲ ಅಕ್ಕಾ ಎಂದು ಕೇಳಿದೆ. ಕೇಳಬಾರದಿತ್ತು.

"ನೀನೇ ಅಂದಿದ್ಯಲ್ಲ ಹುಡ್ಗಿ, ಬರ್ಬೇಡಿ ಅಂತ."

ಅದರಲ್ಲಿ ಕೊಂಕಿರಲಿಲ್ಲ. ಸಿಸ್ಟರು ಹೇಳಿದ್ದನ್ನು ಪಾಲಿಸಿದ್ದೇನೆ ಎನ್ನುವ ಧಾಟಿಯಲ್ಲೇ ಹೇಳಿ ಕಣ್ಣು ಮುಚ್ಚಿದರು. ನಾನು ಜೀವನದಲ್ಲಿ ಬೈಗುಳ ಬೇಕಾದಷ್ಟು ತಿಂದಿದ್ದೇನೆ. ಆ ಒಂದು ಮಾತಿನಷ್ಟು ಯಾವುದೂ ನನ್ನನ್ನು ಕುಗ್ಗಿಸಿಲ್ಲ.

ಅವರು ಉಳಿದರು. ಇಪ್ಪತ್ತು ದಿನ ಬೇಕಾಯಿತು. ಮನೆಗೆ ಬಂದ ಮೇಲೂ ಕೈನಡುಕ ಹೋಗಲಿಲ್ಲ, ಲೋಟ ಹಿಡಿದರೆ ಕಾಫಿ ತುಳುಕುತ್ತಿತ್ತು. ಆ ಕೈ ನೋಡಲಾರದೆ ಬೇರೆ ಮನೆ ನೋಡಿಕೊಳ್ಳುತ್ತೇನೆ ಎಂದೆ. ಈ ಊರಲ್ಲಿ ನಿಂಗ್ಯಾರು ಮನೆ ಕೊಡ್ತಾರೆ, ಸುಮ್ನೆ ಕೂತ್ಕ ಎಂದು ಗದರಿದರು. ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳುವ ಮುಖ ನನಗಿರಲಿಲ್ಲ.

ಮಳೆಗಾಲ ಬಂತು. ಎರಡು ಹಸು, ಒಂದು ಕರು ಕೊಟ್ಟಿಗೆಯಲ್ಲಿ ಕೆಸರು ತುಳಿಯುತ್ತ ನಿಂತವು. ಆ ವರ್ಷ ದರಗು ಸಾಲಲಿಲ್ಲ. ಕರುವಿನ ಗೊರಸು ಕೊಳೆತು ಅದು ಕುಂಟತೊಡಗಿದಾಗ, ಈ ಹೆಂಗಸರು ಯಾಕೆ ಕಾಡಿಗೆ ಹೋಗುತ್ತಾರೆ ಎಂದು ನನಗೆ ಮೊದಲ ಸಲ ಅರ್ಥವಾಯಿತು. ಮುಂದಿನ ಜನವರಿಯಲ್ಲಿ ಮಂಜಪ್ಪಣ್ಣ ಒಬ್ಬರೇ ಹೊರೆ ಕಟ್ಟುವುದನ್ನು ನೋಡಿ, ಒಂದು ಭಾನುವಾರ ನಾನೂ ಹೊರಟೆ. ಕಾಲುಚೀಲದೊಳಗೆ ಪ್ಯಾಂಟು ತುರುಕಿ, ತುಂಬು ತೋಳಿನ ಅಂಗಿ ತೊಟ್ಟು, ಜೊತೆಗೆ ಬಂದ ಹೆಂಗಸರನ್ನೆಲ್ಲ ದಾರಿಯಲ್ಲಿ ಕೂರಿಸಿ ಅವರ ಕಾಲಿಗೂ ಕೈಗೂ ನಾನೇ ಎಣ್ಣೆ ತಿಕ್ಕಿದೆ. ಕಚಗುಳಿಯೆಂದು ನಕ್ಕರು. ಬಂದ ಮೇಲೆ ಒಬ್ಬರ ತಲೆ ಒಬ್ಬರು ನೋಡಿಕೊಂಡೆವು. ಹೊರೆ ಹೊರಲು ಮಾತ್ರ ನನಗೆ ಬರಲಿಲ್ಲ. ಎರಡು ಹೆಜ್ಜೆಗೆ ಬೀಳಿಸಿದೆ.

ಇದು ಇಲಾಖೆಯ ಪಾಠದಲ್ಲಿ ಬರೆದದ್ದಲ್ಲ. ಸರಿಯೋ ತಪ್ಪೋ ನನಗೆ ಈಗಲೂ ಅನುಮಾನ. ಆದರೆ ಆ ಬೇಸಿಗೆಯಲ್ಲಿ ಜ್ವರ ಬಂದ ಹೆಂಗಸರು ಮೊದಲ ದಿನವೇ ಬಂದು ಹೇಳಿದರು. ದರಗಿಗೆ ಹೋಗಿದ್ದೆ, ಎಣ್ಣೆ ಹಚ್ಚಿರಲಿಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ನಾನು ಬೈಯಲಿಲ್ಲ, ರಕ್ತ ತೆಗೆದುಕೊಂಡೆ. ಹೊಟ್ಟೆಪಾಡಿಗೆಂದು ಹಿಡಿದ ಕೆಲಸ ನನ್ನದು ಅನ್ನಿಸಿದ್ದು ಆಗ. ಕಾಯಿಲೆಯನ್ನು ನಾನು ತಡೆಯಲಾರೆ, ವಾಸಿ ಮಾಡಲಾರೆ. ಹೆದರದೆ ಬಂದು ಹೇಳಿಕೊಳ್ಳಲು ಒಬ್ಬಳು ಇದ್ದಾಳೆ ಎನ್ನುವಷ್ಟು ಮಾತ್ರ ನನ್ನಿಂದಾಗುತ್ತದೆ. ಬಹಳ ದಿನ ಅದು ತೀರಾ ಸಣ್ಣದು ಅನ್ನಿಸುತ್ತಿತ್ತು, ಕೆಲವು ದಿನ ಈಗಲೂ ಅನ್ನಿಸುತ್ತದೆ.

ಅವ್ವ ಪ್ರತಿ ವಾರ ಕೇಳುತ್ತಾಳೆ, ಯಾವಾಗ ಬರುತ್ತೀ ಎಂದು. ನಮ್ಮ ಕಡೆಯ ಇಂಡಿ ತಾಲೂಕಿನಲ್ಲಿ ಜಾಗ ಖಾಲಿಯಾಗಿದೆಯಂತೆ, ಅರ್ಜಿ ಹಾಕು ಎಂದು ಮಾವ ಫಾರಂ ಕಳಿಸಿದ್ದಾನೆ. ಅದು ನನ್ನ ಬ್ಯಾಗಿನಲ್ಲಿದೆ, ಹೆಸರು ಬರೆದಿದ್ದೇನೆ, ಮುಂದಿನ ಸಾಲು ತುಂಬಿಲ್ಲ. ಹಬ್ಬಕ್ಕೆ ಊರಿಗೆ ಹೋದಾಗ ಗೆಳತಿಯರು ನನ್ನ ದನಿ ಸಣ್ಣಗಾಗಿದೆ ಎಂದು ಆಡಿಕೊಂಡರು. ಇಲ್ಲಿಯವರಿಗೆ ಅದು ಈಗಲೂ ಜೋರು.

ಮೊನ್ನೆ ಬೆಳಿಗ್ಗೆ ಎದ್ದಾಗ ನನಗೆ ಸೊಂಟ ಹಿಡಿದಿತ್ತು, ಮೈ ಕಾಯುತ್ತಿತ್ತು. ಥರ್ಮಾಮೀಟರು ನೋಡಿ, ಅದನ್ನು ಝಾಡಿಸಿ ಇನ್ನೊಮ್ಮೆ ನೋಡಿದೆ. ಹಿಂದಿನ ಭಾನುವಾರ ದರಗಿಗೆ ಹೋಗಿದ್ದೆ. ಸ್ವಲ್ಪ ಹೊತ್ತಿಗೆ ಅವ್ವನ ಫೋನು ಬಂತು. ದನಿ ಯಾಕ ಹಿಂಗದ, ಆರಾಮ ಅದಿ ಇಲ್ಲೋ ಎಂದಳು. ಜ್ವರ ಎಂದರೆ ಅವಳು ಸಂಜೆಯ ಬಸ್ಸಿಗೆ ಹೊರಡುತ್ತಾಳೆ, ಬಂದವಳು ನನ್ನನ್ನು ಬಿಟ್ಟು ಹೋಗುವುದಿಲ್ಲ. ಆರಾಮ ಅದೀನಿ ಬೇ ಎಂದು ಫೋನಿಟ್ಟೆ. ಎದ್ದು ಅಡುಗೆಮನೆಗೆ ಹೋಗಿ, ಅಕ್ಕಾ, ನನಗ ಜ್ವರಾ ಬಂದೈತಿ ಎಂದು ಶಾರದಕ್ಕನಿಗೆ ಹೇಳಿದೆ.

ಅವರು ಒಲೆ ಉರಿ ತಗ್ಗಿಸಿ ಬಂದು, ನಡುಗುವ ಕೈಯನ್ನು ನನ್ನ ಹಣೆಯ ಮೇಲಿಟ್ಟರು. ಬೈಯಲಿಲ್ಲ. ಮಂಜಪ್ಪಣ್ಣನನ್ನು ಕೂಗಿ ಬೈಕು ತೆಗೆಯಲು ಹೇಳಿದರು.

ರಕ್ತ ಶಿವಮೊಗ್ಗಕ್ಕೆ ಹೋಗಿದೆ. ವರದಿ ನಾಳೆ ಬರಬಹುದು. ಮಾಡಲು ಬೇರೇನೂ ಇಲ್ಲದ್ದಕ್ಕೆ ಮಲಗಿಕೊಂಡೇ ಇದನ್ನು ಪತ್ರಿಕೆಗೆಂದು ಬರೆದೆ. ನಮ್ಮ ಊರಿನ ಓದುಗರಲ್ಲಿ ಒಂದು ಬೇಡಿಕೆ. ಅವ್ವನಿಗೆ ಓದಲು ಬರುವುದಿಲ್ಲ. ನನ್ನ ಮಗಳು ಬರೆದಿದ್ದಾಳಂತೆ, ಓದಿ ಹೇಳಿ ಎಂದು ಅವಳು ನಿಮ್ಮ ಮನೆಗೆ ಬರುತ್ತಾಳೆ. ಜೋಳದ ರೊಟ್ಟಿಯವರೆಗೆ ಓದಿ ಹೇಳಿ, ಅಲ್ಲಿಗೆ ಮುಗಿಯಿತು ಎಂದುಬಿಡಿ.