ಜ್ಞಾನಮ್ಮಜ್ಜಿಯ ಮೇಕೆ ಹರಾಜಾದದ್ದು

ಇವತ್ತು ಹುಣಸೂರು ಸಂತೆಯಲ್ಲಿ ಒಂದು ಮೇಕೆ ನನ್ನ ಪಂಚೆಯ ತುದಿಯನ್ನು ಬಾಯಿಗೆ ಹಾಕಿಕೊಂಡಿತು. ನಾನು ಓಡಿಸಲಿಲ್ಲ. ತಿನ್ನು ತಾಯಿ ಎಂದು ಸುಮ್ಮನೆ ನಿಂತೆ. ಮೇಕೆಗಳ ಮುಂದೆ ನನಗೆ ಬಾಯಿಲ್ಲ, ನೋಡಿ. ಬೇರೆಯವರ ಮೇಕೆಯನ್ನು, ಅದೂ ದೇವರ ಹೆಸರಿನಲ್ಲಿ, ಊರೆಲ್ಲ ನೋಡುತ್ತಿರುವಾಗ ಹರಾಜು ಹಾಕಿದ ಮಹಾನುಭಾವ ನಾನು.

ಆಗ ನಮ್ಮೂರ ಚರ್ಚಿನ ಮಾಡು ಬೀಳುವ ಹಾಗಿತ್ತು. ನಮ್ಮ ಮುತ್ತಜ್ಜನ ಕಾಲದಲ್ಲಿ ಪರದೇಶದ ಸ್ವಾಮಿಗಳೊಬ್ಬರು ಕಟ್ಟಿಸಿದ ಮಣ್ಣುಗೋಡೆಯ ಗುಡಿ ಅದು. ನಡುತೊಲೆಯನ್ನು ಗೆದ್ದಲು ತಿಂದಿತ್ತು. ಪೂಜೆಯ ಹೊತ್ತಿಗೆ ನಾವೆಲ್ಲ ಕಣ್ಣು ಮೇಲೆತ್ತಿಯೇ ಕೂತಿರುತ್ತಿದ್ದೆವು. ಪೂಜೆ ಮಾಡುತ್ತಿದ್ದ ಪಾದ್ರಿ ಸ್ವಾಮಿಗಳು ಅದನ್ನು ಭಕ್ತಿಯೆಂದು ತಿಳಿದರು. ನಾವು ನೋಡುತ್ತಿದ್ದದ್ದು ತೊಲೆಯನ್ನು.

ಮಳೆಗೆ ಮೊದಲು ಹೊಸ ತೊಲೆ ಏರಬೇಕಿತ್ತು. ಸಂಕ್ರಾಂತಿಯ ಮಗ್ಗುಲಲ್ಲೇ ಬರುವ, ದನಕರು ಕಾಯುವ ಸಂತ ಅಂತೋಣಪ್ಪನವರ ಹಬ್ಬದಲ್ಲಿ ದನಕರುಗಳಿಗೆ ತೀರ್ಥ ಹಾಕಿಸುವುದು ನಮ್ಮಲ್ಲಿ ಪದ್ಧತಿ. ಆ ವರ್ಷ ಅದರ ಜೊತೆಗೇ ಹರಾಜು ಎಂದಾಯಿತು. ಮನೆಮನೆಯವರು ಕೋಳಿಯೋ ಕುಂಬಳವೋ ತಂದುಕೊಡುವುದು, ಮಾರಿ ಬಂದದ್ದನ್ನು ತೊಲೆಗೆ ಹಾಕುವುದು. ತೀರ್ಥಕ್ಕೆ ಬಂದ ಪ್ರಾಣಿಗಳು ಹುಣಸೆಮರದ ಆ ಕಡೆ, ಹರಾಜಿನವು ಈ ಕಡೆ. ಕೂಗುವವನು ನಾನು. ನನ್ನಷ್ಟು ದೊಡ್ಡ ಬಾಯಿ ಊರಿನಲ್ಲಿ ಇನ್ನೊಂದಿರಲಿಲ್ಲ. ಅದರ ಮೇಲೆ ತಲೆಯೂ ಇದೆಯೇ ಎಂದು ಯಾರೂ ವಿಚಾರಿಸಲಿಲ್ಲ.

ಬಿಸಿಲು ತಿರುಗಿತು. ನಮ್ಮ ಬೀದಿಯ ಜ್ಞಾನಮ್ಮಜ್ಜಿ ತನ್ನ ಮೇಕೆಯನ್ನು ನೆರಳಿಗೆಂದು ಈ ಕಡೆ ಕಟ್ಟಿದ್ದಳು. ನಾನು ಹಗ್ಗ ಹಿಡಿದು ಕುಣಿದೇ ಬಿಟ್ಟೆ.

“ಜ್ಞಾನಮ್ಮಜ್ಜಿ ಕೊಟ್ಟಿರೋ ಮೇಕೆ ಕಣ್ರಪ್ಪೋ! ಗಡ್ಡ ನೋಡ್ರಿ, ನಮ್ ಸಾಮ್ಯೋರಿಗೂ ಇಂತಾ ಗಡ್ಡ ಇಲ್ಲ!”

ಜನ ಚಪ್ಪಾಳೆ ತಟ್ಟಿದರು. ಮರುದಿನ ಮನೆಯಲ್ಲಿ ಬೀಗರೂಟವಿದ್ದ ಬೆಟ್ಟದಪುರದ ಗೌಡರೊಬ್ಬರು ಎಲ್ಲರಿಗಿಂತ ಮೇಲೆ ಕೂಗಿ ಅದನ್ನು ಎಳೆದುಕೊಂಡು ಹೋದರು. ಅಜ್ಜಿ ತುಟಿ ಬಿಚ್ಚಲಿಲ್ಲ. ಸಂತೋಷಕ್ಕೆ ಮಾತು ಹೊರಡುತ್ತಿಲ್ಲ ಎಂದುಕೊಂಡೆ.

ಸಂಜೆ, ಮಕ್ಕಳಿಗೆ ಜಪ ಕಲಿಸುವ ಉಪದೇಶಿ ಚಿನ್ನಪ್ಪ ಓಡಿಬಂದ. “ಏನ್ ಮಾಡ್ಬುಟ್ಯೋ ಮುಂಡೇದೆ! ಅದು ತೀರ್ಥ ಹಾಕ್ಸಕ್ ಬಂದಿದ್ದ ಮೇಕೆ ಕಣ್ಲಾ! ಅಜ್ಜಿ ಸೊಸೆ ಸತ್ಮೇಲೆ ಆ ಕೂಸು ಬದುಕಿರೋದೇ ಅದ್ರ ಹಾಲ್ನಾಗೆ!”

ರಾತ್ರಿ ಕಣ್ಣು ಮುಚ್ಚಿದರೆ ಕೂಸು ಅಳುತ್ತಿತ್ತು, ತೆರೆದರೆ ಮೇಕೆ ಅರಚುತ್ತಿತ್ತು. ಕೋಳಿ ಕೂಗುವ ಮೊದಲೇ ಬೆಟ್ಟದಪುರದ ದಾರಿ ಹಿಡಿದೆ. ಯಾರ ಮನೆಯಲ್ಲಿ ಮಸಾಲೆ ಅರೆಯುವ ಸದ್ದು ಕೇಳಿದರೂ ಗುಂಡುಕಲ್ಲು ನನ್ನ ಎದೆಯ ಮೇಲೇ ಉರುಳಿದಂತಾಗುತ್ತಿತ್ತು. ಗೌಡರ ಅಂಗಳ ಸೇರಿದೆ. ಬೇಲಿಯ ಮೇಲೆ ಹಸಿ ಚರ್ಮವೊಂದು ಹರಡಿತ್ತು. ಅಲ್ಲೇ ಕುಕ್ಕರಿಸಿ ಗೋಳೋ ಎಂದೆ.

“ಯಾವನ್ಲಾ ಅದು, ಮದ್ವೆ ಮನೇಲಿ ಅಳೋನು?” ಎಂದು ಗೌಡರ ಹೆಂಡತಿ ಹೊರಗೆ ಬಂದರು. ತೊದಲುತ್ತಾ ಎಲ್ಲ ಹೇಳಿದೆ. “ಅಯ್ಯೋ, ಅದು ಟಗರಿಂದು ಕಣಪ್ಪ. ನಿನ್ ಮೇಕೆ ಹಿತ್ಲಲ್ಲಿ ಅದೆ. ಹಾಲ್ ಕರೆಯೋದ್ನ ಕುಯ್ದ್ರೆ ಮನೆಗೆ ಒಳ್ಳೇದಾಯ್ತದಾ ಅಂತ ನಾನೇ ತಡ್ದೆ.”

ಗೌಡರು ಮೀಸೆ ತಿರುವಿದರು. “ಕಾಸು ವಾಪಸ್ ಬ್ಯಾಡ, ನಿಮ್ ಗುಡಿ ತೊಲೆಗೇ ಇರ್ಲಿ. ಮೇಕೆ ಬೇಕಂದ್ರೆ ನಮ್ ಬೀಗ್ರು ಉಂಡ ಎಲೆ ಎತ್ತು.”

ಎತ್ತಿದೆ. ಆ ಬೀಗರು ಆನೆಗಳ ಹಾಗೆ ಉಂಡರು. ಅಷ್ಟು ಎಲೆ ಕಾಡಿನಲ್ಲೂ ಇರಲಾರದು. ಸಂಜೆಗೆ ಮೇಕೆಯನ್ನು ಹೆಗಲ ಮೇಲೆ ಹೊತ್ತು ದಂಡು ಗೆದ್ದ ದೊರೆಯಂತೆ ನಮ್ಮ ಬೀದಿಗೆ ಬಂದೆ. “ಜ್ಞಾನಮ್ಮಜ್ಜಿ ಮೇಕೆ ವಾಪಸ್ ಬಂತು ಕಣ್ರೋ!” ಎಂದು ಪ್ರತಿ ಬಾಗಿಲಿಗೂ ಕೇಳುವಂತೆ ಕೂಗಿದೆ. ಜನ ಹೊರಗೆ ಬಂದು ನೋಡಿದರು. ಚಪ್ಪಾಳೆ ಮಾತ್ರ ಬೀಳಲಿಲ್ಲ.

ಅಜ್ಜಿ ನನ್ನ ಮುಖ ನೋಡದೆ ಹಾಲು ಕರೆದಳು. ಹತ್ತಿಯ ಬತ್ತಿ ಅದ್ದಿ ಅದ್ದಿ ಕೂಸಿನ ಬಾಯಿಗಿಟ್ಟಳು. ಅಳು ನಿಂತ ಮೇಲೆ ನಾನೇ ಕೇಳಿದೆ: “ನೆನ್ನೆ ಯಾಕಜ್ಜಿ ಸುಮ್ಕೆ ನಿಂತಿದ್ದೆ? ಬ್ಯಾಡ ಕಣ್ಲಾ ಅಂದಿದ್ರೆ ಆಯ್ತಿತ್ತಲ್ಲ?”

“ಎಂಗ್ ಅನ್ಲಿ? ಎಲ್ರೂ ಏನಾರ ತಂದಿದ್ರು, ನಾನೊಬ್ಳೇ ಬರಿಗೈಲಿ ನಿಂತಿದ್ದೆ. ನೀನು ನನ್ ಎಸ್ರು ಕೂಗ್ದೆ, ಊರೇ ಚಪ್ಪಾಳೆ ತಟ್ತು.” ಕೂಸಿನ ಬಾಯಿ ಒರೆಸಿದಳು. “ಮಗಿಗೆ ಹಾಲಾಯ್ತು, ನಿನ್ ಒಟ್ಟೆ ತಣ್ಣಗಿರ್ಲಿ. ಆದ್ರೆ ಬೀದಿ ಉದ್ದಕ್ಕೂ ಕೂಕ್ಕಂಡು ಬರ್ಬೇಕಾಗಿತ್ತಾ? ಒಂದಿನ ನಾನೂ ಗುಡಿಗೆ ಕೊಟ್ಟೋಳಾಗಿದ್ದೆ ಕಣ್ಲಾ.”